ಪುಕ್ಕಲನ ವಿಮಾನ

ಸ್ವಂತ ವಿಮಾನ ಇಟ್ಟುಕೊಂಡವರ ಬಾಳಿನಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಆಕಾಶದಲ್ಲಿ ಆಗುವುದು ಕಡಿಮೆ. ಹತ್ತುವ ಮೊದಲು, ಇಳಿದ ಮೇಲೆ, ಮನೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಎಷ್ಟು ನಗುನಗುತ್ತಾ ಹೇಳುತ್ತೀರಿ ಅಂತ ಸ್ನೇಹಿತರು ಮೆಚ್ಚುತ್ತಾರೆ. ಆಗೆಲ್ಲ ನಾನು ನಡುಗುತ್ತಿದ್ದೆ ಅನ್ನುವುದು ಅವರಿಗೆ ಗೊತ್ತಿಲ್ಲ.

ಮೊದಲು ನನ್ನ ಜಾತಕ ಹೇಳಿಬಿಡುತ್ತೇನೆ. ನಾನು ಮೈಸೂರಿನವನು, ಹುಟ್ಟು ಪುಕ್ಕಲ. ಹಲ್ಲಿ ಕಂಡರೆ ಭಯ, ಲಿಫ್ಟ್ ಕಂಡರೆ ಭಯ. ಕೋಲ್ಕತ್ತದ ರಸ್ತೆಯಲ್ಲಿ ಕಾರು ಓಡಿಸುವುದಂತೂ ನನ್ನ ಕೈಲಾಗದ ಮಾತು, ಅದಕ್ಕೇ ಡ್ರೈವರನ್ನು ಇಟ್ಟಿದ್ದೆ. ಇಂಥವನು ಸಾಲ್ಟ್ ಲೇಕಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಅಮೆರಿಕದ ಕೆಲಸ ನಮ್ಮ ಬಾಗಿಲು ಹುಡುಕಿಕೊಂಡು ಬರುತ್ತಿತ್ತು. ಜೊತೆಯವರು ಎರಡನೇ ಫ್ಲ್ಯಾಟು, ಮೂರನೇ ಕಾರು ಕೊಂಡರು. ನಾನು ಉತ್ತರ ಬಂಗಾಳದ ಚಹಾ ತೋಟದವರೊಬ್ಬರಿಂದ ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡೆ. ಚಿಕ್ಕಂದಿನ ಆಸೆ. ಆಸೆ ಹುಟ್ಟುವಾಗ ಭಯದ ಅಪ್ಪಣೆ ಕೇಳುವುದಿಲ್ಲವಲ್ಲ.

ಕಲಿತೆ, ಲೈಸೆನ್ಸು ಸಿಕ್ಕಿತು. ಊರಿನ ದಕ್ಷಿಣದ ಅಂಚಿನ ಒಂದು ಸಣ್ಣ ಏರೋಡ್ರಮ್ಮಿನಲ್ಲಿ ವಿಮಾನ ನಿಲ್ಲಿಸಲು ಜಾಗವೂ ಸಿಕ್ಕಿತು. ಭಯ ಮಾತ್ರ ಹೋಗಲಿಲ್ಲ. ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮೂವರೂ ನನ್ನನ್ನು ನಂಬಿ ಆ ತಗಡಿನ ಡಬ್ಬಿ ಹತ್ತುತ್ತಿದ್ದರು. ಓಡಿಸುವವನಿಗೇ ಭಯ ಅಂತ ತಿಳಿದ ದಿನ ಯಾರು ಹತ್ತುತ್ತಾರೆ? ವಿಮಾನ ಮಾರಬೇಕು, ಮಕ್ಕಳ ಕಣ್ಣಲ್ಲಿ ಅಪ್ಪನೂ ಅಷ್ಟಕ್ಕಷ್ಟೇ ಆಗಬೇಕು. ಹಾಗಾಗಿ ಈ ಗುಟ್ಟು ಕಾಪಾಡಿಕೊಳ್ಳುವುದೇ ನನ್ನ ಮುಖ್ಯ ಕೆಲಸವಾಗಿತ್ತು. ವಿಮಾನ ಓಡಿಸುವುದು ಅದರ ನಂತರ.

ಹೆಂಡತಿಯ ನಿದ್ದೆ

ನನ್ನ ಹೆಂಡತಿ ಧಾರವಾಡದವಳು. ಭಯ ಅನ್ನುವ ಪದಾರ್ಥ ಅವರ ಮನೆಯ ಅಡುಗೆಯಲ್ಲೇ ಇಲ್ಲ. ಮೊದಲ ಸಲ ಮೂವರನ್ನೂ ಕೂರಿಸಿಕೊಂಡು ಹೊರಟ ದಿನ ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ, ಒರೆಸಿ ಒರೆಸಿ ಪ್ಯಾಂಟಿನ ಮೇಲೆ ಎರಡು ಕಲೆ ಬಿದ್ದಿದ್ದವು. ಮಂಡಿ ನಡುಗುವುದು ಕಾಣದಿರಲಿ ಅಂತ ಅದರ ಮೇಲೆ ಮ್ಯಾಪು ಹರಡಿಕೊಂಡೆ. ಮ್ಯಾಪು ನಡುಗತೊಡಗಿತು. ಧೈರ್ಯವಂತನ ಹಾಗೆ ಕಾಣಲಿ ಅಂತ ಏನೋ ಒಂದು ರಾಗ ಗುನುಗತೊಡಗಿದೆ. ಯಾವ ರಾಗ ಅಂತ ಕೇಳಬೇಡಿ, ನನಗೂ ಗೊತ್ತಿರಲಿಲ್ಲ.

ನೆಲ ಬಿಟ್ಟೆವು. ತೆಂಗಿನ ಮರ, ಕೊಳ, ತಗಡಿನ ಮಾಡು ಎಲ್ಲ ಸಣ್ಣದಾಗುತ್ತಾ ಹೋದವು. ಈಗ ಇವಳು ಕಿರುಚುತ್ತಾಳೆ, ತೋಳು ಹಿಡಿಯುತ್ತಾಳೆ, ಇಳಿಸಿ ಅನ್ನುತ್ತಾಳೆ, ಅದೇ ನೆಪ ಮಾಡಿಕೊಂಡು ಇಳಿಸಿಬಿಡಬಹುದು ಅಂತ ಆಸೆಯಿಂದ ಪಕ್ಕಕ್ಕೆ ತಿರುಗಿದೆ. ಅವಳು ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಳು.

ನಲವತ್ತು ನಿಮಿಷ ಜೀವ ಕೈಯಲ್ಲಿ ಹಿಡಿದುಕೊಂಡೇ ಹಾರಿಸಿದೆ. ಇಳಿಯುವಾಗ ಚಕ್ರ ನೆಲಕ್ಕೆ ಬಡಿದು ಒಂದು ಸಲ ಪುಟಿಯಿತು, ಇನ್ನೊಂದು ಸಲ ಪುಟಿಯಿತು, ಮೂರನೆಯ ಸಲಕ್ಕೆ ಒಪ್ಪಿಕೊಂಡಿತು. ಆಗ ಅವಳು ಕಣ್ಣು ಬಿಟ್ಟಳು. ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದಳು.

"ಬಂತೇನ್ರಿ? ನಮ್ಮ ಹುಬ್ಬಳ್ಳಿ ಬಸ್ಸಿಗಿಂತ ಕುಲುಕಾಟ ಕಡಿಮಿ ಅದ ಬಿಡ್ರಿ."

ಟಕ್ ಟಕ್

ವಿಮಾನ ನೋಡಿಕೊಳ್ಳುತ್ತಿದ್ದವರು ಒಬ್ಬ ಬಂಗಾಳಿ ಮೆಕ್ಯಾನಿಕ್. ಮೂವತ್ತು ವರ್ಷ ವಿಮಾನ ಬಿಚ್ಚಿ ಜೋಡಿಸಿದವರು. ಎಲ್ಲರ ಬಾಯಲ್ಲೂ ಅವರು ಮಿಸ್ತ್ರಿ ದಾದಾ. ದಾದಾ ಅಂದರೆ ಅಣ್ಣ, ಅಲ್ಲಿ ಎಲ್ಲರಿಗೂ ಎಲ್ಲರೂ ದಾದಾ. ನಾನು ಹಾರಿ ಬಂದಾಗಲೆಲ್ಲ ನೇರ ಅವರ ಹತ್ತಿರ ಹೋಗಿ ಹಿಂದಿಯಲ್ಲಿ ದೂರು ಕೊಡುತ್ತಿದ್ದೆ.

"ದಾದಾ, ಎಡಗಡೆ ಏನೋ ಟಕ್ ಟಕ್ ಅನ್ನುತ್ತಿದೆ." ನೋಡಿದರೆ, ಸೀಟ್ ಬೆಲ್ಟಿನ ತುದಿ ಬಾಗಿಲಿನಿಂದ ಹೊರಗೆ ಜೋತುಬಿದ್ದು ಗಾಳಿಗೆ ಬಡಿಯುತ್ತಿತ್ತು. "ದಾದಾ, ಹಿಂದುಗಡೆ ಗಡಗಡ ಶಬ್ದ." ನೋಡಿದರೆ, ಚಕ್ಕುಲಿಯ ಸ್ಟೀಲ್ ಡಬ್ಬಿ. "ದಾದಾ, ಕಾಲ ಬಳಿ ಕಿರ್ ಅನ್ನುತ್ತಿದೆ." ಅದು ಮಗನ ಕೀಲಿ ಕೊಡುವ ಕಪ್ಪೆ. ಭಾನುವಾರ ಮಧ್ಯಾಹ್ನ ಮನೆಗೂ ಫೋನ್ ಮಾಡುತ್ತಿದ್ದೆ. ಅವರು ಮೀನು ಅನ್ನ ಬಿಟ್ಟು ಎದ್ದು ಬಂದು ನನ್ನ ಭಯ ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ಇಂಜಿನ್ನಿನ ಶಬ್ದವೇ ಬೇರೆಯಾಗಿದೆ ಅಂದೆ. ಅವರು ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಹತ್ತು ನಿಮಿಷ ಕೇಳಿದರು. ಆರಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟರು.

"ದಾದಾ, ಇಂಜಿನ್ ಅಂದಮೇಲೆ ಶಬ್ದ ಮಾಡುತ್ತದೆ. ಶಬ್ದ ನಿಂತ ದಿನ ನನಗೆ ಫೋನ್ ಮಾಡಿ."

ಅವತ್ತಿನಿಂದ ನನಗೆ ನಿಶ್ಶಬ್ದ ಕಂಡರೂ ಭಯ.

ಮಹಡಿಯ ಮೇಲಿನ ಬಡಿ

ಚಳಿಗಾಲದಲ್ಲಿ ಕೋಲ್ಕತ್ತದ ಮೇಲೆ ಮಂಜೂ ಹೊಗೆಯೂ ಕಲಸಿಕೊಂಡು ಕೂತುಬಿಡುತ್ತದೆ. ಒಂದು ಭಾನುವಾರ ನದಿಯ ಗುಂಟ ದಕ್ಷಿಣಕ್ಕೆ ಹೋಗಿ, ಹಡಗು ನೋಡಿ, ಹಿಂದಿರುಗುವಾಗ ಕೆಳಗೆ ಎಲ್ಲ ಮಸಕು. ನನ್ನ ಹಳೆಯ ವಿಮಾನದಲ್ಲಿ ದಾರಿ ತೋರಿಸುವ ಪರದೆ ಗಿರದೆ ಏನೂ ಇರಲಿಲ್ಲ. ಇಟ್ಟಿಗೆ ಭಟ್ಟಿಯ ಚಿಮಣಿ ನೋಡಿಕೊಂಡು ಬರುತ್ತಿದ್ದೆ. ಅವತ್ತು ನೋಡಿದರೆ ಎಲ್ಲ ಕಡೆಯೂ ಚಿಮಣಿ. ಎಣ್ಣೆ ಇನ್ನೊಂದು ಗಂಟೆಗೆ ಸಾಲುತ್ತಿತ್ತು, ನನ್ನ ಎದೆ ಅಷ್ಟು ತಡೆಯುವುದು ಅನುಮಾನವಿತ್ತು.

"ಮಕ್ಕಳೇ, ನೋಡಿ, ಊರೆಲ್ಲ ಸುತ್ತಿ ತೋರಿಸ್ತಿದ್ದೀನಿ," ಅಂದೆ.

ಮಗಳು ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. "ಅಪ್ಪಾ, ಈ ಪುಕುರ್ ಥರ್ಡ್ ಟೈಮ್ ಬಂತು." ಕೋಲ್ಕತ್ತದಲ್ಲಿ ಬೆಳೆದವಳು, ಅವಳ ಕನ್ನಡದಲ್ಲಿ ಕೊಳ, ಕೆರೆ, ಹೊಂಡ ಎಲ್ಲವೂ ಪುಕುರ್.

ನಾನು ಗುನುಗುವುದನ್ನೂ ಮರೆತಿದ್ದೆ. ಅದೇ ಹೊತ್ತಿಗೆ ಹೆಂಡತಿಗೆ ಎಚ್ಚರವಾಯಿತು.

"ದಾರಿ ತಪ್ಪೀರಿ, ಹೌದಿಲ್ಲೋ? ಯಾರನ್ನರ ಕೇಳ್ರಲಾ."

"ಇಲ್ಲಿ ಯಾರನ್ನೇ ಕೇಳ್ಲಿ? ಕಾಗೇನಾ?" ಅಂದೆ. ಆದರೂ ನಾಚಿಕೆ ಬಿಟ್ಟು ರೇಡಿಯೋ ಹಿಡಿದು ಏರೋಡ್ರಮ್ಮಿನ ಕಂಟ್ರೋಲ್ ಟವರಿನಲ್ಲಿದ್ದ ಬಾಬುವನ್ನು ಕರೆದೆ. ನಾನು ಎಲ್ಲಿದ್ದೇನೆ ಅಂತ ನನಗೇ ತಿಳಿಯುತ್ತಿಲ್ಲ ಅಂತ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಹೇಳಿದೆ.

"ನೀವು ನಮ್ಮ ಮನೆಯ ಮೇಲಿದ್ದೀರಿ, ಸರ್," ಅಂದರು ಅವರು.

"ನಿಮಗೆ ಹೇಗೆ ಕಾಣಿಸಿತು?"

"ನನಗೆ ಕಾಣಿಸಲಿಲ್ಲ. ಹೆಂಡತಿ ಫೋನ್ ಮಾಡಿದ್ದಳು. ಮಹಡಿಯ ಮೇಲೆ ಬಡಿ ಒಣಹಾಕಿ ಕಾವಲು ಕೂತಿದ್ದಾಳೆ. ನೀವು ಐದನೇ ಸಲ ಬಂದಿರಂತೆ." ಬಡಿ ಅಂದರೆ ಬಂಗಾಳಿಗಳ ಬೇಳೆಯ ಸಂಡಿಗೆ. "ಈಗ ದೊಡ್ಡ ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗಿ. ಮುಂದೆ ಟ್ರಾಮ್ ಡಿಪೋ. ಅಲ್ಲಿಂದ ನೇರ. ನಾನು ದಿನಾ ಸೈಕಲ್ಲಿನಲ್ಲಿ ಬರುವುದು ಅದೇ ದಾರಿಯಲ್ಲಿ. ಹತ್ತು ನಿಮಿಷ ಆಗುತ್ತದೆ, ನಿಮಗೆ ಇನ್ನೂ ಬೇಗ ಆಗಬಹುದು."

ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗಿದೆ, ಡಿಪೋ ಬಂತು, ಮಂಜಿನೊಳಗಿಂದ ರನ್‌ವೇ ಎದ್ದು ಬಂತು. ಇಳಿದೆವು. ಬಾಬು ಟವರಿನಿಂದ ಇಳಿದು ಬಂದರು. ಬೈಯುತ್ತಾರೆ ಅಂತ ತಲೆತಗ್ಗಿಸಿ ನಿಂತೆ.

"ಹೆಂಡತಿ ಕೇಳಲು ಹೇಳಿದ್ದಾಳೆ," ಅಂದರು. "ನಾಳೆಯೂ ಬರುತ್ತೀರಾ? ಇವತ್ತು ಒಂದು ಕಾಗೆಯೂ ಇಳಿಯಲಿಲ್ಲವಂತೆ."

ಅತ್ತೆಯವರ ತೂಕ

ಸಣ್ಣ ವಿಮಾನದಲ್ಲಿ ಯಾರು ಎಷ್ಟು ತೂಕ, ಯಾರು ಎಲ್ಲಿ ಕೂತರು ಅನ್ನುವುದನ್ನೆಲ್ಲ ಕೂಡಿಸಿ ನೋಡಿಯೇ ಹೊರಡಬೇಕು. ನಾನಂತೂ ನೀರಿನ ಬಾಟಲಿಯನ್ನೂ ಬಿಡದೆ ತೂಗುತ್ತಿದ್ದೆ. ಬೇಸಿಗೆ ರಜೆಗೆ ಧಾರವಾಡದಿಂದ ಅತ್ತೆಯವರು ಹೊರಟರು. ಅಳಿಯನ ವಿಮಾನ ಹತ್ತಲೇಬೇಕು ಅಂತ ಪತ್ರದಲ್ಲೇ ಬರೆದಿದ್ದರು.

ಅತ್ತೆಯವರಿಗೆ 'ನಿಮ್ಮ ತೂಕ ಎಷ್ಟು' ಅಂತ ಕೇಳುವುದು ಹೇಗೆ? ಗುಡುಗು ಮೋಡದೊಳಗೆ ನುಗ್ಗು ಅಂದರೂ ನುಗ್ಗಿಯೇನು, ಇದು ಆಗದು. ಹೆಂಡತಿಗೆ, ನೀನೇ ಕೇಳು ಅಂದೆ. "ನೀವ ಕೇಳ್ರಿ. ನಾ ಇನ್ನೂ ತವರಮನಿಗೆ ಹೋಗಿ ಬರಬೇಕು," ಅಂದಳು.

ಉಪಾಯ ಹೊಳೆದದ್ದು ಹೌರಾ ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರಂ ಮೇಲೆ ಬಣ್ಣದ ಬಲ್ಬು ಮಿನುಗಿಸುತ್ತಾ ತೂಕದ ಯಂತ್ರ ನಿಂತಿತ್ತು. ಕಾಸು ಹಾಕಿದರೆ ಒಂದು ರಟ್ಟಿನ ಚೀಟಿ ಬೀಳುತ್ತದೆ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಅತ್ತೆಯವರು ರೈಲಿನಿಂದ ಇಳಿದ ಕೂಡಲೇ ಶುರು ಮಾಡಿದೆ. "ಎರಡು ದಿನ ಪ್ರಯಾಣ ಮಾಡಿದ ಹಾಗೇ ಕಾಣಲ್ಲ ಅತ್ತೆ ನೀವು. ಈ ಸೀರೆ ನಿಮಗೆ ಎಷ್ಟು ಒಪ್ಪುತ್ತೆ! ಬನ್ನಿ, ಈ ಯಂತ್ರ ಭವಿಷ್ಯ ಹೇಳುತ್ತೆ, ನಿಮ್ಮಂಥವರ ಭವಿಷ್ಯ ಚೆನ್ನಾಗೇ ಇರುತ್ತೆ."

ಅವರು ಸಂತೋಷದಿಂದ ಹತ್ತಿ ನಿಂತರು. ಚಕ್ರ ತಿರುಗಿತು, ಬಲ್ಬು ಹೊಳೆಯಿತು, ಚೀಟಿ ಬಿತ್ತು. ನಾನು ಹಾರಿ ಹಿಡಿದುಕೊಂಡೆ. ತೊಂಬತ್ತೊಂದು ಕಿಲೋ! ಇವರು, ಇಬ್ಬರು ಮಕ್ಕಳು, ನಾನು. ನನ್ನ ಮನಸ್ಸಿನಲ್ಲಿ ವಿಮಾನ ರನ್‌ವೇ ದಾಟಿ, ಬೇಲಿ ದಾಟಿ, ಬಾಬುವಿನ ಮನೆಯ ಮಹಡಿಗೆ ಹೋಗಿ ನಿಂತಿತು. ಆಮೇಲೆ ನೋಡಿದೆ. ಸ್ಟೇಷನ್ನಿನಲ್ಲಿ ಕಳ್ಳರು ಅಂತ ಕೇಳಿದ್ದ ಅತ್ತೆ, ಜೋಳದ ಹಿಟ್ಟಿನ ಚೀಲವನ್ನೂ ಶೇಂಗಾ ಚಟ್ನಿಪುಡಿಯ ಚೀಲವನ್ನೂ ಹೆಗಲಿನಿಂದ ಇಳಿಸದೆಯೇ ಹತ್ತಿದ್ದರು.

"ಅತ್ತೆ, ಚೀಲ ಕೆಳಗಿಟ್ಟು ಇನ್ನೊಂದು ಸಲ..." ಅನ್ನುವಷ್ಟರಲ್ಲಿ ಅವರು ಚೀಟಿ ಕಸಿದುಕೊಂಡು ತಿರುಗಿಸಿದರು. ಭವಿಷ್ಯ ಹಿಂದಿಯಲ್ಲಿತ್ತು, ಅವರು ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವರು. ನಿಧಾನವಾಗಿ ಓದಿದರು. ಅತಿಯಾಗಿ ಹೊಗಳುವವರಿಂದ ದೂರವಿರಿ ಅಂತ ಬರೆದಿತ್ತು. ಓದಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಳಿಯಂದಿರೇ, ರೈಲಿನಿಂದ ಇಳಿದಾಗಿಂದ ನೀವು ನನ್ನ ಭಾಳ ಹೊಗಳ್ಲಿಕತ್ತೀರಿ. ನಾ ನಿಮ್ಮ ವಿಮಾನ ಹತ್ತೂದಿಲ್ಲ."

ಖಂಡೇನವಮಿ

ಇದನ್ನು ಹೇಳುವಾಗ ಈಗಲೂ ನನ್ನ ಅಂಗೈ ಬೆವರುತ್ತದೆ.

ಕೋಲ್ಕತ್ತದಲ್ಲಿ ಯಂತ್ರಗಳಿಗೆ ಪೂಜೆ ಅಂದರೆ ಸೆಪ್ಟೆಂಬರಿನ ವಿಶ್ವಕರ್ಮ ಪೂಜೆ. ಮಿಸ್ತ್ರಿ ದಾದಾ ಅದನ್ನು ಚೊಕ್ಕವಾಗಿ ಮುಗಿಸಿದ್ದರು. ನನ್ನ ಹೆಂಡತಿಗೆ ಅದು ಲೆಕ್ಕಕ್ಕಿಲ್ಲ. "ಅದು ಅವರ ಪೂಜಿ. ಖಂಡೇನವಮಿ ಆಗದ ಗಾಡಿಯೊಳಗ ಮಕ್ಕಳನ್ನ ಹ್ಯಾಂಗ ಕೂಡಸ್ತೀರಿ?" ಆಯುಧಪೂಜೆಗೆ ಅವರ ಕಡೆ ಖಂಡೇನವಮಿ ಅನ್ನುತ್ತಾರೆ. ಹಾಗಾಗಿ ವಿಮಾನ ಬಂದ ಮೇಲಿನ ಮೊದಲ ನವಮಿಯ ದಿನ, ಊರಿಗೆ ಊರೇ ದುರ್ಗೆಯ ಪೆಂಡಾಲುಗಳಲ್ಲಿ ತುಂಬಿದ್ದಾಗ, ನಾವು ನಾಲ್ವರು ಏರೋಡ್ರಮ್ಮಿನಲ್ಲಿ ಬಾಳೆಕಂದು, ಚೆಂಡುಹೂವು, ನಿಂಬೆಹಣ್ಣು, ಬೂದುಗುಂಬಳ ಹಿಡಿದುಕೊಂಡು ನಿಂತಿದ್ದೆವು. ಡ್ರೈವರಿಗೆ ಹಬ್ಬದ ರಜ, ಟ್ಯಾಕ್ಸಿಯಲ್ಲಿ ಬಂದಿದ್ದೆವು. ಮಿಸ್ತ್ರಿ ದಾದಾ ಹೊಸ ಧೋತಿ ಉಟ್ಟು ನಮಗಾಗಿಯೇ ಬಂದಿದ್ದರು.

ನಾನು ಎಂದಿನಂತೆ ಮೂರು ಸುತ್ತು ಬಂದು ವಿಮಾನ ಪರೀಕ್ಷಿಸಿದೆ. ತಿರುಪು ಅಲ್ಲಾಡಿಸಿದೆ, ಎಣ್ಣೆ ಅಳೆದೆ, ಇದ್ದಬದ್ದ ತೂತುಗಳಿಗೆಲ್ಲ ಇಣುಕಿದೆ. "ಎಷ್ಟ ಸಲ ನೋಡ್ತೀರಿ? ಅದೇನು ಓಡಿ ಹೋಗ್ತದೇನು? ಸರೀರಿ, ಹನ್ನೆರಡಕ್ಕ ರಾಹುಕಾಲ," ಅಂತ ಹೆಂಡತಿ ತಟ್ಟೆ ಹಿಡಿದು ಬಂದಳು. ಪರೀಕ್ಷೆ ಮುಗಿದ ಮೇಲೆ ಯಾರೂ ವಿಮಾನ ಮುಟ್ಟಬಾರದು ಅನ್ನುವುದು ನನ್ನ ನಿಯಮ. ದೇವರ ಕೆಲಸಕ್ಕೆ ನಿಯಮ ಹೇಳುವ ಧೈರ್ಯ ನನಗೆಲ್ಲಿ ಬರಬೇಕು?

ಮೂತಿಗೆ, ರೆಕ್ಕೆಗೆ, ಬಾಲಕ್ಕೆ, ಬಾಗಿಲಿನ ಹಿಡಿಗೆ ಗಂಧ, ಕುಂಕುಮ, ಹೂವು. ಮೂರು ಚಕ್ರಕ್ಕೆ ಮೂರು ನಿಂಬೆಹಣ್ಣು. ಕುಂಬಳಕಾಯಿ ಮಾತ್ರ ಇಲ್ಲಿ ಒಡೆಯಬೇಡಿ ಅತ್ತಿಗೆ, ಚೂರು ಹಾರಿ ಮೂತಿಯ ಫ್ಯಾನಿಗೆ ಹೊಡೆಯುತ್ತದೆ ಅಂತ ಮಿಸ್ತ್ರಿ ದಾದಾ ಕೈಮುಗಿದರು. ಅದನ್ನು ಗೇಟಿನಾಚೆ ಒಡೆದಳು. ಅಷ್ಟರಲ್ಲಿ ಟವರಿನ ಬಾಬು ರೇಡಿಯೋದಲ್ಲಿ, ಬೇಗ ಹೊರಡಿ ಸರ್, ಪೆಂಡಾಲಿನಲ್ಲಿ ಪ್ರಸಾದದ ಕಿಚಡಿ ಮುಗಿದುಹೋಗುತ್ತದೆ ಅಂತ ಅವಸರ ಮಾಡಿದರು.

ಹತ್ತಿ ಕೂತೆವು. ಮಗಳು ಹಿಂದಿನ ಸೀಟಿನಿಂದ ಪಟ್ಟಿ ಓದಿದಳು. "ಸೀಟ್ ಬೆಲ್ಟ್?" ಚೆಕ್. "ಡೋರ್?" ಚೆಕ್. ನಿಂಬೆಹಣ್ಣುಗಳು ಪಚಕ್ ಅಂದವು. ಗುನುಗುತ್ತಾ ಪೂರ್ತಿ ವೇಗ ಕೊಟ್ಟೆ. ಹೆಂಡತಿ ಆಗಲೇ ಕಣ್ಣು ಮುಚ್ಚಿದ್ದಳು.

ಇಂಜಿನ್ ಅರಚುತ್ತಿದೆ. ರನ್‌ವೇ ಹಿಂದಕ್ಕೆ ಓಡುತ್ತಿದೆ. ವೇಗ ತೋರಿಸುವ ಮುಳ್ಳು ಮಾತ್ರ ಸೊನ್ನೆಯ ಮೇಲೆ ಕೂತಿದೆ. ವಿಮಾನದ ಪ್ರಕಾರ ನಾವಿನ್ನೂ ಹೊರಟೇ ಇಲ್ಲ. ಬೆರಳಿನಿಂದ ಗಾಜು ತಟ್ಟಿದೆ. ಸೊನ್ನೆ. ಎದುರಿಗೆ ಬೇಲಿ ದೊಡ್ಡದಾಗುತ್ತಿತ್ತು, ಅದರಾಚೆ ತೆಂಗಿನ ಮರ, ಜನರ ಮನೆ. ವೇಗ ಗೊತ್ತಿಲ್ಲದೆ ಎತ್ತಿದರೆ ಬೀಳಬಹುದು, ಎತ್ತದಿದ್ದರೆ ಬೇಲಿ. ಹಿಂದಿನ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳಿದ್ದಾರೆ ಅನ್ನುವುದೊಂದೇ ತಲೆಯಲ್ಲಿ ಉಳಿಯಿತು. ಇಂಜಿನ್ ತಗ್ಗಿಸಿ ಎರಡೂ ಕಾಲಿನಿಂದ ಬ್ರೇಕ್ ಒತ್ತಿದೆ. ವಿಮಾನ ಓಲಾಡಿತು, ಟೈರು ಕಿರುಚಿತು, ಬೇಲಿಗೆ ಹತ್ತು ಮಾರು ಇರುವಾಗ ನಿಂತಿತು. ಬೇಲಿಯಾಚೆ ಮೇಯುತ್ತಿದ್ದ ಹಸುವೊಂದು ತಲೆಯೆತ್ತಿ ನಮ್ಮನ್ನು ನೋಡಿತು.

ಇಂಜಿನ್ ಆರಿಸಿದೆ. ಮಗ ಚಪ್ಪಾಳೆ ತಟ್ಟಿದ. "ಅಪ್ಪಾ, ಫಿರ್ ಸೇ! ಇನ್ನೊಂದ್ಸಲ!"

ನಾವು ಇಳಿಯುವಷ್ಟರಲ್ಲಿ ಮಿಸ್ತ್ರಿ ದಾದಾ ಧೋತಿ ಮಂಡಿಗೆತ್ತಿ ಓಡಿ ಬಂದರು. ನೇರ ಎಡ ರೆಕ್ಕೆಯ ಕೆಳಗೆ ಬಗ್ಗಿದರು. ಅಲ್ಲಿ ಬೆರಳು ಗಾತ್ರದ ಒಂದು ನಳಿಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ತೂತಿಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ವೇಗದ ಮುಳ್ಳು ಏಳುವುದು. ಸಣ್ಣ ತಂತಿ ಹಾಕಿ ಅವರು ಕೆದಕಿದರು. ಮೊದಲು ಗಂಧ ಬಂತು, ಆಮೇಲೆ ಕುಂಕುಮ, ಎರಡು ಕಾಳು ಅಕ್ಷತೆ, ಕೊನೆಗೆ ಚೆಂಡುಹೂವಿನ ಒಂದು ಎಸಳು.

ನಾನು ಹೆಂಡತಿಯ ಮುಖ ನೋಡಿದೆ.

"ಎಲ್ಲಾದಕ್ಕೂ ಹಚ್ಚೀನಿ," ಅಂದಳು. "ಅದೊಂದಕ್ಕ ಬಿಡ್ಲಿಕ್ಕೆ ಅದೇನು ಪಾಪ ಮಾಡಿತ್ರಿ?"

ರೆಕ್ಕೆಯ ನೆರಳಲ್ಲಿ ನೆಲದ ಮೇಲೇ ಕೂತುಬಿಟ್ಟೆ. ವರ್ಷವಿಡೀ ಕಾಪಾಡಿದ ಗುಟ್ಟು ತಾನಾಗಿಯೇ ಬಾಯಿಂದ ಬಂತು. "ನನ್ನ ಕೈಲಾಗಲ್ಲ ಕಣೆ. ನಂಗೆ ಭಯ. ಇವತ್ತಲ್ಲ, ಮೊದಲ ದಿನದಿಂದಲೂ ಭಯ. ನಿಮಗ್ಯಾರಿಗೂ ಹೇಳಿರಲಿಲ್ಲ."

"ಗೊತ್ತದ," ಅಂದಳು.

"ನಂಗೂ ಗೊತ್ತು," ಅಂದಳು ಮಗಳು. "ಮ್ಯಾಪ್ ಯಾವಾಗ್ಲೂ ಶೇಕ್ ಆಗತ್ತಲ್ಲಾ."

"ಗೊತ್ತಿದ್ದೂ ಮಕ್ಕಳನ್ನ ಕೂರಿಸ್ತಿದ್ಯಾ?"

ಹೆಂಡತಿ ನನ್ನ ಪಕ್ಕದಲ್ಲೇ ಕೂತಳು. "ಗೊತ್ತಿತ್ತಂತನ ಕೂಡಿಸೀನಿ. ಅಂಜೋ ಮನುಷ್ಯಾ ಒಂದಕ್ಕ ಮೂರು ಸಲ ನೋಡ್ತಾನ. ನೀವು ಅಂಜಿದಾಗ ಗುನುಗ್ತೀರಿ. ನೀವು ಗುನುಗೂತನಕ ನಾ ಆರಾಮ ನಿದ್ದಿ ಮಾಡ್ತೀನಿ. ಅದು ನಿಂತ್ರ ಎಚ್ಚರಾಗ್ತದ. ಇವತ್ತೂ ಹಂಗ ಎಚ್ಚರಾತು." ಅಷ್ಟು ಹೇಳಿ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ಅವಳ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ನನಗೆ ಅಳು ಬಂತು, ನಗುವೂ ಬಂತು.

ಇವತ್ತು ಹಾರುವುದು ಬೇಡ, ಪೂರ್ತಿ ಬಿಚ್ಚಿ ತೊಳೆಯಬೇಕು ಅಂದರು ಮಿಸ್ತ್ರಿ ದಾದಾ. ಮನೆಗೆ ಹೋಗಲು ಹಳದಿ ಟ್ಯಾಕ್ಸಿ ಹಿಡಿದೆವು. ನಮ್ಮ ಮನೆ ಕಾಳಿಘಾಟಿನ ಹತ್ತಿರ. ದಾರಿಯುದ್ದಕ್ಕೂ ಹಬ್ಬದ ಜನ. ಡ್ರೈವರ್ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಪಾನ್ ಹಿಡಿದು ಸಿಳ್ಳೆ ಹಾಕುತ್ತಾ ಹೊರಟ. ಟ್ರಾಮಿಗೂ ಬಸ್ಸಿಗೂ ನಡುವೆ ಒಂದು ಗೇಣು ಜಾಗದಲ್ಲಿ ತೂರಿಸಿದ. ನಾನು ಅಭ್ಯಾಸದಂತೆ ಗುನುಗತೊಡಗಿದೆ.

"ಸ್ವಲ್ಪ ನಿಧಾನ ಭಾಯಿ," ಅಂದೆ.

ಅವನು ಗಾಡಿ ಓಡುತ್ತಿರುವಾಗಲೇ ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿ ನಕ್ಕ. "ಡರ್ ಕಿಸ್ ಬಾತ್ ಕಾ, ದಾದಾ?" ಭಯ ಯಾತಕ್ಕೆ ಅಂತ.

ಒಂದು ವರ್ಷ ಆಕಾಶದಲ್ಲಿ ಒಮ್ಮೆಯೂ ನನ್ನ ತೋಳು ಹಿಡಿಯದ ಹೆಂಡತಿ, ಈಗ ಎರಡೂ ಕೈಯಿಂದ ಉಗುರು ನಾಟುವಂತೆ ಹಿಡಿದುಕೊಂಡಳು. ಅವಳ ಮುಖ ಬಿಳಿಚಿತ್ತು.

"ನಿಲ್ಲಿಸ್ರಿ, ಇಳಿಯೂಣು! ಈ ಮನುಷ್ಯಾಗ ಒಂಚೂರೂ ಅಂಜಿಕೀನ ಇಲ್ಲ!"